ನೀಲಿ ಡ್ರಮ್ಮಿನ ಸೊಪ್ಪು

ನಮ್ಮೂರ ಹೆರಿಗೆ ಆಸ್ಪತ್ರೆಯೊಳಗೆ ಕಾಲಿಡಬೇಕಾದರೆ ಮೊದಲು ನ್ಯಾ ಸೆಫೆರಿನಾಳ ಬಾಯಿ ದಾಟಿ ಹೋಗಬೇಕಿತ್ತು. ಗೇಟಿನ ಎಡಕ್ಕೆ, ಮರದ ನೆರಳಿನಲ್ಲಿ ಅವಳ ಮೇಜು. ಮೇಜಿನ ಮೇಲೆ ಮರದ ಕುಟ್ಟಾಣಿ. ಕೆಳಗೆ ಅರ್ಧಕ್ಕೆ ಕೊಯ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಅದರ ತುಂಬ ನೀರು, ನೀರಿನ ತುಂಬ ಪುದೀನ, ಮಜ್ಜಿಗೆಹುಲ್ಲು, ಹೆಸರು ಗೊತ್ತಿರುವ ಮತ್ತು ಅವಳಿಗೊಬ್ಬಳಿಗೇ ಗೊತ್ತಿರುವ ಬೇರು ನಾರು. ಬಂದವರು ಗಂಡಸಾದರೆ ಅವಳ ನಾಲಿಗೆಗೆ ಇನ್ನಷ್ಟು ಹುರುಪು.

“ಏನಯ್ಯಾ, ಹೆರೋಳು ಒಳಗಿದಾಳೆ, ನೀನ್ಯಾಕೆ ಹೊಟ್ಟೆ ಹಿಡ್ಕೊಂಡು ನಿಂತಿದೀಯ? ಬಾ ಇಲ್ಲಿ, ತಂಪಾಗಿ ಏನಾದ್ರೂ ಕುಡಿ. ಇಲ್ದಿದ್ರೆ ನಿನ್ನೂ ಎಳ್ಕೊಂಡು ಹೋಗಿ ಮಲಗಿಸ್ತಾರೆ!”

ನ್ಯಾ ಅಂದರೆ ನಮ್ಮಲ್ಲಿ ವಯಸ್ಸಾದ ಹೆಂಗಸಿಗೆ ಕೊಡುವ ಮರ್ಯಾದೆ, ಗಂಡಸಿಗಾದರೆ ಕರಾಯಿ. ಅದನ್ನು ಕೊಡದೆ ಸೆಫೆರಿನಾಳನ್ನು ಮಾತಾಡಿಸಿ ನೆಟ್ಟಗೆ ಮನೆಗೆ ಹೋದವರು ಯಾರೂ ಇಲ್ಲ.

ತೆರೆರೆ ಇಲ್ಲದೆ ನಮ್ಮ ಪರಗ್ವಾಯಿ ದೇಶದಲ್ಲಿ ಮಧ್ಯಾಹ್ನ ಕಳೆಯುವುದಿಲ್ಲ. ಕೊಂಬಿನ ಲೋಟಕ್ಕೆ ಯೆರ್ಬಾ ಎಲೆಯ ಪುಡಿ ತುಂಬಿ, ಸೊಪ್ಪು ಜಜ್ಜಿ ಹಾಕಿದ ಐಸ್ ನೀರನ್ನು ಜಗ್ಗಿನಿಂದ ಸುರಿದು, ಅದೇ ಲೋಟ, ಅದೇ ಲೋಹದ ಕೊಳವೆ, ಸುತ್ತ ಕೂತವರೆಲ್ಲ ಸರದಿಯಂತೆ ಹೀರುವುದು. ಇನ್ನೊಬ್ಬರ ಎಂಜಲೆಂದು ಮುಖ ಸಿಂಡರಿಸಿದವನನ್ನು ನಾವು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋಪ ಬಂದರೆ ಬೈಯುವುದಕ್ಕೂ ನಮಗೆ ಅದೇ ಲೋಟ. ಒಮ್ಮೆ ಗೇಟ್ ಕಾಯುವ ಕರಾಯಿ ತೋರಿಬಿಯೋ, ನ್ಯಾ ಸೆಫೆರಿನಾಳ ಮಗಳ ನಡಿಗೆಯ ಬಗ್ಗೆ ಏನೋ ಹಗುರವಾಗಿ ಆಡಿದ. ಅವಳು ಜಗಳವಾಡಲಿಲ್ಲ. ಮಧ್ಯಾಹ್ನ ಸುತ್ತು ಕೂತಾಗ ಅವನ ಸರದಿ ಬಂತು. ಲೋಟ ಅವನ ಮೂಗಿನ ಮುಂದಿನಿಂದ ಹಾದು ಪಕ್ಕದವನ ಕೈಗೆ ಹೋಯಿತು. ಒಂದು ವಾರ ಹಾಗೇ ನಡೆಯಿತು. ಕೊನೆಗೆ ಆ ಮೀಸೆ ಹೊತ್ತ ಗಂಡಸು ಅವಳ ಮೇಜಿನ ಮುಂದೆ ನಿಂತು, “ನಾಲ್ಕು ಏಟು ಹೊಡೀರಿ ನ್ಯಾ ಸೆಫೆರಿನಾ, ಇದು ಮಾತ್ರ ಬೇಡ,” ಎಂದು ಕಣ್ಣು ಒದ್ದೆ ಮಾಡಿಕೊಂಡ. ಅವಳು ನಕ್ಕು ಲೋಟ ಕೊಟ್ಟಳು.

ಗೇಟಿನುದ್ದಕ್ಕೂ ಸೊಪ್ಪು ಮಾರುವವರು ಇನ್ನೂ ಇದ್ದರು. ಆದರೆ ಉಳಿದವರ ಪುದೀನ ಬಿಸಿಲೇರುವಷ್ಟರಲ್ಲಿ ತಲೆ ಬಗ್ಗಿಸುತ್ತಿತ್ತು, ಇವಳದು ಸಂಜೆಯವರೆಗೂ ಈಗ ಕಿತ್ತ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಗುಟ್ಟೇನೂ ಇಲ್ಲ, ಆ ಡ್ರಮ್ಮು. ಸೊಪ್ಪು ಒಂದು ಕ್ಷಣವೂ ನೀರು ಬಿಟ್ಟು ಇರಬಾರದೆಂಬುದು ಅವಳ ತಾಯಿ ಕಲಿಸಿದ ಪಾಠ. ಬೆಳಿಗ್ಗೆ ಆಸ್ಪತ್ರೆ ಹಿಂದಿನ ಹಳೇ ಪಂಪಿನಿಂದ ನೀರು ತುಂಬಿಸುವಳು, ಮಧ್ಯಾಹ್ನ ಇಳಿದಷ್ಟನ್ನು ಮೇಲಿಂದ ಸುರಿಯುವಳು. ಡ್ರಮ್ಮನ್ನು ಪೂರ್ತಿ ಬರಿದು ಮಾಡಿ ಉಜ್ಜುವುದು ಭಾನುವಾರ, ಚರ್ಚಿನಿಂದ ಬಂದ ಮೇಲೆ. ಉಳಿದ ಮಾರುವವರು ಅಷ್ಟನ್ನೂ ಮಾಡುತ್ತಿರಲಿಲ್ಲ, ಹಾಗಾಗಿ ಅವಳನ್ನು ಎಲ್ಲರೂ ಶುಚಿಯಾದ ಹೆಂಗಸು ಎನ್ನುತ್ತಿದ್ದರು.

ಅವಳ ಬದುಕೆಂದರೆ ಆ ಕುಟ್ಟಾಣಿಯೇ. ನದಿಯ ಮೇಲ್ಗಡೆ, ಯಾರದೋ ದನದ ಹಟ್ಟಿಯಲ್ಲಿ ಹುಟ್ಟಿದವಳು. ಮದುವೆಯಾಗಿ ಈ ಊರಿಗೆ ಬಂದಳು. ಚೊಚ್ಚಲು ಗಂಡು ಮಗು ಭೇದಿಯಾಗಿ ಹೋಯಿತು. ಆಗ ಅತ್ತೆ ಅವಳಿಗೆ ಅಳಲೂ ಬಿಡಲಿಲ್ಲ. ನಮ್ಮಲ್ಲಿ ಸತ್ತ ಹಸುಗೂಸು ದೇವದೂತ. ತಾಯಿ ಅತ್ತರೆ ಅದರ ರೆಕ್ಕೆ ಒದ್ದೆಯಾಗಿ ಮೇಲೆ ಹಾರಲಾಗದೆ ದಾರಿಯಲ್ಲೇ ಉಳಿಯುತ್ತದಂತೆ. ಸೆಫೆರಿನಾ ಹಲ್ಲು ಕಚ್ಚಿಕೊಂಡು ಕೂತಳು. ಆಮೇಲೆ ಹುಟ್ಟಿದವಳು ನಿಮಿಯಾ. ಆ ಮಗಳಿಗೆ ಹಾಲು ಬಿಡಿಸುವ ಮೊದಲೇ ಗಂಡ ಗಾರೆ ಕೆಲಸಕ್ಕೆಂದು ಬ್ಯೂನಸ್ ಐರಿಸ್‌ಗೆ ಹೋದ, ಅಲ್ಲೇ ಇನ್ನೊಂದು ಸಂಸಾರ ಹೂಡಿದ. “ಅವನು ಕಟ್ಟಿದ ಗೋಡೆಗಳೆಲ್ಲ ಅವನ ಮೇಲೇ ಬೀಳ್ಲಿ,” ಎಂದು ಅವಳು ಹರಸಿದ್ದು ಇಡೀ ಬೀದಿಗೆ ಕೇಳಿಸಿತ್ತು. ಅಂದಿನಿಂದ ಟಕ್ ಟಕ್ ಎಂದು ಕುಟ್ಟಿ ಕುಟ್ಟಿ ಮಗಳನ್ನು ದೊಡ್ಡವಳನ್ನಾಗಿ ಮಾಡಿದಳು. ನಿಮಿಯಾ ಹೊಲಿಗೆ ಕಲಿತಳು, ಮೆತ್ತಗಿನ ಹುಡುಗಿ, ಅಮ್ಮನ ಬಾಯಿಗೆ ಸೇರಿಸಿ ತನ್ನ ಪಾಲಿನ ಮಾತನ್ನೂ ಕೊಟ್ಟುಬಿಟ್ಟವಳ ಹಾಗೆ ಸುಮ್ಮನಿರುವವಳು. ಅವಳ ಗಂಡನೂ ಮಾವ ಹಿಡಿದ ದಾರಿಯನ್ನೇ ಹಿಡಿದು ಗಡಿ ದಾಟಿದಾಗ ಅವಳಿಗೆ ಬಸಿರು.

ಕ್ರಿಸ್ಮಸ್ ಹತ್ತಿರವಾಗಿ, ನಮ್ಮಲ್ಲಿ ಅದೇ ಬೇಸಿಗೆ, ಬಿಸಿಲು ನೆತ್ತಿ ಸುಡುತ್ತಿದ್ದ ದಿನಗಳಲ್ಲಿ ನಿಮಿಯಾಗೆ ತಿಂಗಳು ತುಂಬುವ ಮೊದಲೇ ನೋವು ಬಂತು. ಹೆಣ್ಣು ಮಗು. ಅಂಗೈಯಲ್ಲಿ ಹಿಡಿಸುವಷ್ಟು. ಯೆರುತಿ ಎಂದು ಹೆಸರಿಟ್ಟಳು, ನಮ್ಮ ಗುವಾರಾನಿ ಭಾಷೆಯಲ್ಲಿ ಅದು ಕಾಡುಪಾರಿವಾಳ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಆ ಕೋಣೆಗೆ ತಾಯಿಗೆ ಮಾತ್ರ ಪ್ರವೇಶ, ಅಜ್ಜಿಯರಿಗೆ ಇಲ್ಲ. ಮೂವತ್ತು ವರ್ಷದಿಂದ ಅದೇ ಗೇಟಿನಲ್ಲಿ ಕೂತವಳಿಗೆ ಗೇಟಿನಿಂದ ಒಳಗೆ ದಾರಿಯಿಲ್ಲ!

“ಕರಾಯಿ ತೋರಿಬಿಯೋ, ಒಂದ್ಸಲ ಬಿಡು. ಕಿಟಕಿಯಿಂದ ನೋಡ್ಬಿಟ್ಟು ಬರ್ತೀನಿ.”

“ಬಿಟ್ರೆ ನನ್ನ ಕೆಲಸ ಹೋಗುತ್ತೆ ನ್ಯಾ ಸೆಫೆರಿನಾ.”

“ಹೋದ್ರೆ ಹೋಗ್ಲಿ, ಬಾ, ನನ್ ಜೊತೆ ಸೊಪ್ಪು ಕುಟ್ಟು. ಕೂತು ಕೂತು ಬೆಳೆದಿರೋ ಆ ಹೊಟ್ಟೆನಾದ್ರೂ ಕರಗುತ್ತೆ.”

ಹಾಲಿನ ಮೊದಲ ಹನಿಗಳು ಮಗುವಿಗೆ ಹಿಡಿದವು ಎನ್ನುವಷ್ಟರಲ್ಲೇ ಕೆಟ್ಟ ಸುದ್ದಿ ಬಂತು. ಹೊಟ್ಟೆ ತಮಟೆಯ ಹಾಗೆ ಬಿಗಿದು ಹೊಳೆಯತೊಡಗಿತು. ವಾಂತಿ ಹಸಿರಾಯಿತು. ಮಲದಲ್ಲಿ ರಕ್ತ. ಅದೇ ದಿನ ಹೊಟ್ಟೆ ಕೊಯ್ದರು. ಡಾಕ್ಟರ್ ಇನ್ಸ್‌ಫ್ರಾನ್ ಒಳ್ಳೆಯ ಮನುಷ್ಯ, ಗೇಟಿನವರೆಗೂ ತಾನೇ ಬಂದು ತಾಯಿಗೂ ಅಜ್ಜಿಗೂ ಹೇಳಿದ.

“ಕರುಳಿನ ಒಂದು ತುಂಡು ಸತ್ತು ಹೋಗಿತ್ತು. ತೆಗೆದ್ವಿ.”

“ಮಗು ಬದುಕಿದೆ, ಕರುಳು ಹ್ಯಾಗಪ್ಪಾ ಸಾಯುತ್ತೆ?”

“ದಿನ ತುಂಬದ ಮಕ್ಕಳ ಕರುಳು ಎಳಸು, ನ್ಯಾ ಸೆಫೆರಿನಾ. ಈ ಕಾಯಿಲೆ ಬಂದ್ರೆ ಕೊಳೆಯೋಕೆ ಹೊತ್ತು ಬೇಕಿಲ್ಲ. ಈಗ ಅದಕ್ಕೆ ಬಾಯಿಂದ ಏನೂ ಕೊಡೋ ಹಾಗಿಲ್ಲ. ಕುತ್ತಿಗೆ ನರದಲ್ಲಿ ಒಂದು ಸಣ್ಣ ಕೊಳವೆ ಇಟ್ಟಿದೀವಿ, ಅದ್ರಲ್ಲೇ ಊಟ, ಅದ್ರಲ್ಲೇ ಔಷಧಿ.”

“ಬದುಕುತ್ತೋ ಇಲ್ವೋ, ಅದನ್ನ ಹೇಳು.”

ಡಾಕ್ಟರ್ ನಿಮಿಯಾಳ ಕಡೆ ನೋಡಿ ಹೇಳಿದ: “ರಕ್ತಕ್ಕೆ ನಂಜು ಹತ್ತಬಾರ್ದು. ಕೆಟ್ಟ ಕರುಳಿಂದ ಕ್ರಿಮಿ ರಕ್ತಕ್ಕೆ ಇಳೀಬಹುದು, ಆ ಕೊಳವೆ ಮುಟ್ಟೋ ಕೈಯಿಂದಲೂ ಹೋಗಬಹುದು. ಅದೊಂದು ಆಗದೆ ಇದ್ರೆ ಮಗು ನಿಮ್ಮ ಮನೆಗೆ ಬರುತ್ತೆ.”

ಅವತ್ತಿನಿಂದ ನ್ಯಾ ಸೆಫೆರಿನಾಗೆ ಜಗತ್ತಿನಲ್ಲಿ ಇದ್ದದ್ದು ಅದೊಂದೇ ಮಾತು. ರಕ್ತ ಕೆಡಬಾರದು. ಬಂದವರಿಗೆ, ಹೋದವರಿಗೆ, ಗಿರಾಕಿಗಳಿಗೆ, ಮರದ ಮೇಲಿನ ಹಕ್ಕಿಗೂ ಅದನ್ನೇ ಹೇಳುತ್ತಿದ್ದಳು.

ಮೊದಲು ಅವಳು ತನಗೆ ಗೊತ್ತಿದ್ದ ಕಾವಲನ್ನು ಕಳಿಸಲು ನೋಡಿದಳು. ಕೆಂಪು ರಿಬ್ಬನ್ನಿನ ತುಂಡು, ಅದಕ್ಕೆ ಕಟ್ಟಿದ ನಾಗದಾಳಿ ಸೊಪ್ಪಿನ ಎಸಳು. ಮಗುವಿಗೆ ಕಣ್ಣು ಬೀಳದಿರಲು ನಮ್ಮಲ್ಲಿ ಎಲ್ಲರೂ ಕಟ್ಟುವುದೇ. ಆ ಕೋಣೆಯ ಹಿರಿಯ ನರ್ಸ್ ಸುನಿಲ್ಡಾ ಗೇಟಿಗೆ ಬಂದಾಗ ಅದನ್ನು ಅವಳ ಕೈಯಲ್ಲಿಟ್ಟಳು. ಸುನಿಲ್ಡಾ ಬೆಂಕಿ ಮುಟ್ಟಿದವಳಂತೆ ಕೈ ಕೊಡವಿದಳು.

“ಏನಿದು! ಇದನ್ನ ಒಳಗೆ ತಗೊಂಡು ಹೋಗೋದಾ? ಎಷ್ಟು ಕ್ರಿಮಿ ಇರುತ್ತೆ ಗೊತ್ತಾ ಇದ್ರಲ್ಲಿ? ಒಂದು ದಾರದ ಎಳೆ ಕೂಡ ಒಳಗೆ ಹೋಗಲ್ಲ. ನಿಮ್ಮ ಮಗಳ ಉಂಗುರನೇ ಬಿಚ್ಚಿಸಿದೀನಿ ನಾನು.”

“ಕಣ್ಣು ಬಿದ್ರೆ ನೀನು ತೆಗೀತೀಯೇನೇ, ಸಿಸ್ಟರಮ್ಮಾ?”

“ಕಣ್ಣು ಬೀಳೋದು ಆಮೇಲೆ. ಮೊದ್ಲು ನೀವು ನನ್ ಕೆಲಸ ಕೆಡಿಸ್ಬೇಡಿ.”

ನ್ಯಾ ಸೆಫೆರಿನಾಗೆ ಮೈಯೆಲ್ಲ ಉರಿದು ಹೋಯಿತು. ಆದರೆ ಬಾಯಿಗೆ ಬಂದದ್ದನ್ನು ನುಂಗಿದಳು, ಜೀವಮಾನದಲ್ಲಿ ಮೊದಲ ಸಲ ನುಂಗಿರಬೇಕು. ಮೊಮ್ಮಗಳು ಇವಳ ಕೈಯಲ್ಲಿದ್ದಾಳೆ. ಈ ಕೈಗಳನ್ನು ಚೆನ್ನಾಗಿಟ್ಟುಕೊಳ್ಳಬೇಕು. ತನ್ನ ಬಳಿ ಕೊಡಲು ಏನಿದೆ? ಬಗ್ಗಿ ಡ್ರಮ್ಮಿನ ತಳದಿಂದ ಎಲ್ಲಕ್ಕಿಂತ ಎಳೆಯ ಪುದೀನ ಎತ್ತಿದಳು, ಮಜ್ಜಿಗೆಹುಲ್ಲಿನ ಬುಡ ಸೇರಿಸಿದಳು, ಜಜ್ಜಿದಳು, ಸುನಿಲ್ಡಾಳ ಜಗ್ಗಿಗೆ ಹಾಕಿದಳು. ಕಾಸು ಮುಟ್ಟಲಿಲ್ಲ.

“ಇದು ನಿಮಗೆ, ಸಿಸ್ಟರಮ್ಮಾ. ಈ ಸೆಕೆಯಲ್ಲಿ ನಿಂತು ನನ್ ಕೂಸನ್ನ ನೋಡ್ಕೋತೀರಲ್ಲ. ಮನಸ್ಸು ತಂಪಾಗಿರ್ಲಿ.”

“ಇದಾದ್ರೆ ಬೇಕು ನೋಡಿ!” ಎಂದು ಸುನಿಲ್ಡಾ ನಕ್ಕಳು. ಬೆರಳುದ್ದದ ರಿಬ್ಬನ್ ಗೇಟಿನಾಚೆ ಉಳಿಯಿತು, ಜಗ್ಗು ಒಳಗೆ ಹೋಯಿತು. ಇಬ್ಬರಿಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ನಿಮಗೂ ಕಾಣುತ್ತಿರಲಿಲ್ಲ ಬಿಡಿ, ನನಗೂ ಕಂಡಿರಲಿಲ್ಲ. ತೆರೆರೆಯನ್ನು ಯಾರಾದರೂ ಹೊರಗಿನ ವಸ್ತು ಎನ್ನುತ್ತಾರೆಯೇ?

ಆಮೇಲೆ ಅದು ದಿನದ ಪದ್ಧತಿಯಾಯಿತು. ಊಟದ ಹೊತ್ತಿಗೆ ಒಬ್ಬ ನರ್ಸ್ ಜಗ್ಗು ಹಿಡಿದು ಬರುವಳು, ನ್ಯಾ ಸೆಫೆರಿನಾ ಸಾಲು ನಿಂತ ಗಿರಾಕಿಗಳನ್ನು ತಡೆದು ಮೊದಲು ಅದನ್ನು ತುಂಬಿಸುವಳು. ಬದಲಿಗೆ ಅವಳಿಗೆ ಸುದ್ದಿ ಸಿಗುತ್ತಿತ್ತು. ಇವತ್ತು ಹೊಟ್ಟೆ ಇಳಿದಿದೆ. ಇವತ್ತು ಕೈ ಆಡಿಸಿದಳು. ಇವತ್ತು ಕೊಟ್ಟ ಬೆರಳನ್ನು ಬಿಡಲೇ ಇಲ್ಲ, ಅಜ್ಜಿಯ ಹಾಗೆ ಹಟಮಾರಿ! ನ್ಯಾ ಸೆಫೆರಿನಾ ಆ ಮಾತುಗಳನ್ನು ಸಂಜೆಯವರೆಗೂ ಬಾಯಲ್ಲಿಟ್ಟು ಚಪ್ಪರಿಸುತ್ತಿದ್ದಳು. ಉಳಿದ ಮಾರುವವರ ಹೊಟ್ಟೆ ಉರಿಯಿತು. ಒಬ್ಬಳು ಕೇಳಿಯೇಬಿಟ್ಟಳು, “ಏನ್ ನ್ಯಾ ಸೆಫೆರಿನಾ, ಆಸ್ಪತ್ರೆಗೆ ಸೊಸೆ ಆಗ್ಬಿಟ್ರಾ?”

“ಸೊಸೆ ಅಲ್ಲ ಕಣೇ, ಅತ್ತೆ. ಎಲ್ರೂ ನಾನು ಹೇಳ್ದಂಗೆ ಕೇಳ್ತಾರೆ.”

ಮಗು ನಿಜವಾಗಿಯೂ ಚೇತರಿಸಿಕೊಂಡಿತು. ಕೊಯ್ದಾಗ ಹೊಟ್ಟೆಯ ಹೊರಕ್ಕೆ ತಂದು ಹೊಲಿದಿದ್ದ ಕರುಳಿನ ತುದಿ ಗುಲಾಬಿ ಬಣ್ಣಕ್ಕೆ ತಿರುಗಿತು. ಇನ್ನು ಹಾಲಿನ ಹನಿ ಶುರು ಮಾಡೋಣ ಎಂದು ಡಾಕ್ಟರ್ ಹೇಳಿದ. ನಿಮಿಯಾ ಮೊಲೆಹಾಲನ್ನು ಹಿಂಡಿ ಹಿಂಡಿ ಸೀಸೆಗಳಲ್ಲಿ ಕೂಡಿಡುತ್ತಿದ್ದಳು. ಒಂದು ಸಂಜೆ ಅವಳು ಗೇಟಿನ ಹೊರಗೆ ಬಂದು ಅವ್ವನ ಪಕ್ಕ ಪೆಟ್ಟಿಗೆಯ ಮೇಲೆ ಕೂತು, ಕೇಳದೆಯೇ ಮಾತಾಡಿದಳು.

“ಅವ್ವಾ, ಅವಳ ಕಣ್ಣು ನಿನ್ ಹಂಗೇ ಇದೆ. ನನ್ನನ್ನ ದುರುಗುಟ್ಕೊಂಡು ನೋಡ್ತಾಳೆ.”

“ನೋಡ್ದೆ ಇನ್ನೇನು! ದಿನಗಟ್ಲೆ ಉಪವಾಸ ಕೆಡವಿದೀರ. ಮನೆಗೆ ಬರ್ಲಿ, ನಿನ್ನ ಮೇಲೆ ನನ್ ಹತ್ರ ಚಾಡಿ ಹೇಳ್ತಾಳೆ.”

ನಿಮಿಯಾ ನಕ್ಕಳು. ಆ ನಗು ನೋಡಿ ಎಷ್ಟು ಕಾಲವಾಗಿತ್ತೋ! ಅವಳಿಗೆ ಲೋಟ ತುಂಬಿಸಿ ಕೊಟ್ಟು, ಬೆನ್ನು ಸವರಿ, ನ್ಯಾ ಸೆಫೆರಿನಾ ಮುಖವನ್ನು ಆಚೆ ತಿರುಗಿಸಿಕೊಂಡಳು.

ಎರಡು ದಿನ ಕಳೆದ ಮೇಲೆ ಜಗ್ಗು ಹೊತ್ತಾದರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನಿಮಿಯಾ ಓಡಿ ಬಂದಳು, ಕಾಲಲ್ಲಿ ಚಪ್ಪಲಿಯಿರಲಿಲ್ಲ.

“ಅವ್ವಾ, ತಣ್ಣಗಾಗಿದಾಳೆ. ಮೈಯೆಲ್ಲ ಕಲೆ ಕಲೆ. ಉಸಿರು ನಿಲ್ಲುತ್ತೆ, ತಟ್ಟಿದ್ರೆ ಮತ್ತೆ ಎಳೀತಾಳೆ. ರಕ್ತಕ್ಕೆ ಹತ್ತಿದೆಯಂತೆ ಅವ್ವಾ, ರಕ್ತಕ್ಕೆ!”

ನ್ಯಾ ಸೆಫೆರಿನಾ ಕುಟ್ಟಾಣಿ ಬಿಸಾಕಿ ಗೇಟಿಗೆ ನುಗ್ಗಿದಳು. ಈ ಸಲ ತೋರಿಬಿಯೋ ತಡೆಯಲಿಲ್ಲ. ಆ ಕೋಣೆಯ ಬಾಗಿಲಿನವರೆಗೂ ಹೋದಳು. ಗಾಜಿನಾಚೆ ನಾಲ್ಕು ಬೆನ್ನುಗಳು ಒಂದು ಪೆಟ್ಟಿಗೆಯ ಮೇಲೆ ಬಾಗಿದ್ದವು. ಮಗು ಕಾಣಲಿಲ್ಲ. ಪಕ್ಕದ ಪೆಟ್ಟಿಗೆಯ ಗಂಡು ಮಗುವಿಗೂ ಅದೇ ಶುರುವಾಗಿತ್ತು, ಅದಕ್ಕೂ ಕರುಳಿನ ಕಾಯಿಲೆಯೇ. ಅದರ ತಾಯಿ ಗೋಡೆಗೆ ಹಣೆ ಒತ್ತಿ ನಿಂತಿದ್ದಳು.

ಔಷಧಿ ಬದಲಿಸಿದರು, ಮತ್ತೆ ಬದಲಿಸಿದರು. ಯಾವುದೂ ನಾಟಲಿಲ್ಲ. ಇಬ್ಬರು ಮಕ್ಕಳಿಗೆ ಒಂದೇ ಸಲ ಹೀಗಾಯಿತೆಂದು ರಾಜಧಾನಿ ಅಸುನ್ಸಿಯೋನಿನಿಂದ, ನಂಜು ಎಲ್ಲಿಂದ ಬಂತೆಂದು ಹುಡುಕಲು, ಒಬ್ಬ ಹೆಂಗಸನ್ನು ಕಳಿಸಿದರು. ತೆಳ್ಳಗೆ, ಕನ್ನಡಕ, ಕೈಯಲ್ಲಿ ಹತ್ತಿ ಸುತ್ತಿದ ಕಡ್ಡಿಗಳ ಪೆಟ್ಟಿಗೆ. ನಲ್ಲಿ, ಬಾಗಿಲ ಹಿಡಿ, ಕೊಳವೆಯ ಬಾಯಿ, ನರ್ಸುಗಳ ಅಂಗೈ, ಎಲ್ಲವನ್ನೂ ಒರೆಸಿ ಒರೆಸಿ ಕಡ್ಡಿಗಳನ್ನು ಸೀಸೆಯಲ್ಲಿ ಹಾಕಿಕೊಂಡಳು. ಹತ್ತಿಕಡ್ಡಿಯವಳು ಎಂದು ನ್ಯಾ ಸೆಫೆರಿನಾ ಅವಳಿಗೆ ಹೆಸರಿಟ್ಟಳು. ಮರುದಿನ ಹತ್ತಿಕಡ್ಡಿಯವಳು ಮೇಜಿನ ಹತ್ತಿರವೇ ಬಂದು ಒಂದು ಕಂತೆ ಸೊಪ್ಪು ಕೇಳಿದಳು. ಆಮೇಲೆ ಒಂದು ಸೀಸೆ ಮುಂದೆ ಹಿಡಿದಳು.

“ಈ ಡ್ರಮ್ಮಿನ ನೀರೂ ಸ್ವಲ್ಪ ಕೊಡಿ.”

“ನೀರ್ಯಾಕಮ್ಮಾ? ಅಸುನ್ಸಿಯೋನಲ್ಲಿ ನೀರಿಲ್ವಾ?” ಎಂದರೂ ನ್ಯಾ ಸೆಫೆರಿನಾ ಧಾರಾಳವಾಗಿ ಅದ್ದಿ ತುಂಬಿಸಿ ಕೊಟ್ಟಳು. “ತಗೊಳ್ಳಿ, ಎಷ್ಟು ಬೇಕಾದ್ರೂ ತಗೊಳ್ಳಿ. ಒಳಗಿನ ಕಳ್ಳರನ್ನ ಹಿಡೀರಿ ಮೊದ್ಲು. ಯಾವಳ ಕೊಳಕು ಕೈಯಿಂದ ಹೋಯ್ತು ಅಂತ ನಂಗೆ ಹೇಳ್ಬೇಕು ನೀವು. ಮಾತು ಕೊಡಿ.”

ಹತ್ತಿಕಡ್ಡಿಯವಳು ಸೀಸೆಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. “ಹೇಳ್ತೀನಿ,” ಎಂದಳು.

ಅದೇ ಸಂಜೆ ಯೆರುತಿ ಹೋದಳು.

ಮರುದಿನ ಬೆಳಿಗ್ಗೆ ಮನೆಯಂಗಳದಲ್ಲಿ ಮೇಜು ಹಾಕಿ ಬಿಳಿ ಬಟ್ಟೆ ಹಾಸಿ ಮಲಗಿಸಿದರು. ನಿಮಿಯಾ ತಾನೇ ಹೊಲಿದ ಬಿಳಿ ಅಂಗಿ, ಅದರಲ್ಲಿ ಮಗು ಕಳೆದೇ ಹೋಗಿತ್ತು. ತಲೆಗೆ ಕಾಗದದ ಹೂವಿನ ಕಿರೀಟ. ಓಣಿಯ ಹೆಂಗಸರು ಮಕ್ಕಳಿಗೆ ಮಿಠಾಯಿ ಹಂಚಿದರು, ಒಬ್ಬ ಗಿಟಾರು ಮೀಟಿದ. ನಿಮಿಯಾಳ ಗಂಟಲಿನಿಂದ ಏನೋ ಹೊರಟಿತು. ನ್ಯಾ ಸೆಫೆರಿನಾ ಅವಳ ಮುಂಗೈ ಬಿಗಿಯಾಗಿ ಹಿಡಿದಳು.

“ಅಳ್ಬೇಡ ಮಗಳೇ. ರೆಕ್ಕೆ ಒದ್ದೆ ಆಗುತ್ತೆ.”

ನಿಮಿಯಾ ಬಾಯಿ ಮುಚ್ಚಿದಳು. ಅವಳ ಎದೆಯ ಬಟ್ಟೆ ಮಾತ್ರ ಹಾಲಿನಿಂದ ನೆನೆದು ಹೋಗಿತ್ತು, ಅದನ್ನು ಯಾರು ತಡೆಯಬೇಕು? ಸುನಿಲ್ಡಾ ಮತ್ತಿಬ್ಬರು ನರ್ಸುಗಳು ಬಂದು ಮೇಣದಬತ್ತಿ ಹಚ್ಚಿದರು. ಬಿಸಿಲಲ್ಲಿ ಬಂದವರೆಂದು ಅವರಿಗೂ ಸೊಪ್ಪು ಕುಟ್ಟಿ ತೆರೆರೆ ಕೊಟ್ಟದ್ದು ನ್ಯಾ ಸೆಫೆರಿನಾಳೇ.

ಮಣ್ಣು ಮಾಡಿ ಬಂದ ಮೇಲೆ ಅವಳ ದುಃಖವೆಲ್ಲ ಸಿಟ್ಟಾಗಿ ತಿರುಗಿತು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಕರುಳಿನ ಕಾಯಿಲೆ ಎಂದಷ್ಟೇ ಇತ್ತು. “ಕರುಳು ವಾಸಿಯಾಗಿತ್ತು! ಡಾಕ್ಟರೇ ಹೇಳಿದ್ದ! ರಕ್ತ ಕೆಡಿಸಿದ್ಯಾರು?” ಎಂದು ಗೇಟಿನ ಮುಂದೆ ನಿಂತು ಖಾಲಿ ಕುಟ್ಟಾಣಿಯನ್ನು ಒನಕೆಯಿಂದ ಬಡಿಯತೊಡಗಿದಳು. ಬೀದಿಯೇ ನೆರೆಯಿತು.

“ಯಾವಳೇ ಅವಳು? ಹೊರಗೆ ಬಾ! ಕೈ ತೊಳೀದೆ ನನ್ ಕೂಸನ್ನ ಮುಟ್ದೋಳು ಯಾವಳು? ಆ ಕೈ ಒಣಗಿ ಕಡ್ಡಿ ಆಗ್ಲಿ! ಆ ಕೈಯಿಂದ ಯಾರೂ ಒಂದು ತುತ್ತು ತಿನ್ನದ ಹಾಗಾಗ್ಲಿ! ಆ ಕೈ ಚಾಚಿದ್ರೆ ನಾಯೀನೂ ಹತ್ರ ಬರದೆ ಇರ್ಲಿ!”

ಗಂಟಲು ಕಟ್ಟುವವರೆಗೂ ಅವಳು ಶಪಿಸಿದಳು. ನಿಮಿಯಾ ಮನೆಯಲ್ಲಿ ಮಲಗಿದ್ದಳು. ಸಂಜೆ ಮನೆಗೆ ಹೋದರೆ ಅವಳದು ಒಂದೇ ಪ್ರಶ್ನೆ: “ಗೊತ್ತಾಯ್ತಾ ಅವ್ವಾ, ಯಾರ ಕೈ ಅಂತ?”

“ಗೊತ್ತು ಮಾಡ್ತೀನಿ. ನಿನ್ನಾಣೆ, ಗೊತ್ತು ಮಾಡೇ ಮಾಡ್ತೀನಿ.”

ಹತ್ತಿಕಡ್ಡಿಯವಳು ಮಾತಿಗೆ ತಪ್ಪಲಿಲ್ಲ. ಒಂದು ದಿನ ಗಿರಾಕಿಗಳು ಕರಗಿದ ಹೊತ್ತಿನಲ್ಲಿ ಬಂದು ಮೇಜಿನ ಎದುರು ನಿಂತಳು. ತೋರಿಬಿಯೋ ಗೇಟಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡ, ನಮಗೆ ಗೊತ್ತಾದದ್ದು ಅವನಿಂದಲೇ.

“ಸಿಕ್ತಾ?” ಎಂದಳು ನ್ಯಾ ಸೆಫೆರಿನಾ.

“ಸಿಕ್ತು. ಆ ಕೋಣೇಲಿ ಒಂದು ಸಣ್ಣ ಫ್ರಿಜ್ಜಿದೆ. ಮಕ್ಕಳ ನರಕ್ಕೆ ಕೊಡೋ ಊಟದ ಚೀಲ ಅದ್ರಲ್ಲಿಡ್ತಾರೆ. ನರ್ಸುಗಳು ತಮ್ಮ ತೆರೆರೆ ಜಗ್ಗನ್ನೂ ಅದ್ರಲ್ಲೇ ಇಡ್ತಿದ್ರು. ಜಗ್ಗಿಂದ ನೀರು ತೊಟ್ಟಿಕ್ಕಿ ಚೀಲದ ಮೇಲೆ, ಕೈಗೆ, ಕೈಯಿಂದ ಕೊಳವೆ ಬಾಯಿಗೆ. ಮಗುವಿನ ರಕ್ತದಲ್ಲಿದ್ದ ಕ್ರಿಮಿನೇ ಜಗ್ಗಲ್ಲೂ ಇದೆ.”

“ನೋಡಿದ್ಯಾ! ಹೇಳ್ಲಿಲ್ವಾ ನಾನು, ಕೊಳಕು ರಂಡೇರು! ಜಗ್ಗು ತೊಳೀತಿರ್ಲಿಲ್ಲ ಅಲ್ವಾ?”

“ಜಗ್ಗು ತೊಳೀತಿದ್ರು, ನ್ಯಾ ಸೆಫೆರಿನಾ. ಅದು ಬಂದಿದ್ದು ಸೊಪ್ಪಿಂದ. ನಿಮ್ಮ ಡ್ರಮ್ಮಿನ ನೀರಿಂದ.”

ನ್ಯಾ ಸೆಫೆರಿನಾ ಮೇಜಿನ ಕೆಳಗೆ ನೋಡಿದಳು. ಪುದೀನ ನೀರಿನಲ್ಲಿ ನೆಟ್ಟಗೆ ನಿಂತಿತ್ತು.

“ಈ ನೀರು ಕುಡಿದು ಯಾರೂ ಸತ್ತಿಲ್ಲ. ನಾನೇ ಇಷ್ಟು ವರ್ಷದಿಂದ ಕುಡಿತಿದೀನಿ.”

“ಹೌದು. ಕುಡಿದ್ರೆ ಸಾಯಲ್ಲ. ಆ ಮಗು ಕುಡೀಲಿಲ್ಲ. ಅದರ ರಕ್ತಕ್ಕೇ ನೇರ ಹೋಯ್ತು.” ಆಕೆ ಬಗ್ಗಿ ಮೆಲ್ಲಗೆ ಹೇಳಿದಳು: “ನಿಮ್ಮ ತಪ್ಪಿಲ್ಲ. ಜಗ್ಗು ಆ ಬಾಗಿಲು ದಾಟಬಾರ್ದಿತ್ತು, ಆ ಕೈಗಳು ತೊಳೀಬೇಕಿತ್ತು. ಇದನ್ನ ನಾನು ದೊಡ್ಡವರ ಮುಂದೆ ಹೇಳಿದೀನಿ.”

“ಅವರೇನಂದ್ರು?”

“ಕ್ರಿಮಿ ಕೆಟ್ಟ ಕರುಳಿಂದಲೇ ಇಳಿದಿರಬೇಕು ಅಂದ್ರು. ನಾನು ಬಂದಿದ್ದು ಅದಕ್ಕಲ್ಲ. ಪಕ್ಕದ ಪೆಟ್ಟಿಗೆ ಮಗು ಇನ್ನೂ ಉಸಿರಾಡ್ತಿದೆ. ಇವತ್ತಿಂದ ನರ್ಸುಗಳಿಗೆ ಸೊಪ್ಪು ಕೊಡ್ಬೇಡಿ.”

ಅವಳು ಹೋದ ಮೇಲೆ ನ್ಯಾ ಸೆಫೆರಿನಾ ಎದ್ದು, ಡ್ರಮ್ಮಿನ ಅಂಚಿಗೆ ಎರಡೂ ಕೈ ಹಾಕಿ ಚರಂಡಿಗೆ ಮಗುಚಿದಳು. ಸುನಿಲ್ಡಾ ಅಷ್ಟು ದೂರದಲ್ಲಿ ಮೆಟ್ಟಿಲ ಮೇಲೆ ನಿಂತಿದ್ದಳು. ಇಬ್ಬರ ಕಣ್ಣೂ ಕೂಡಿದವು. ಸುನಿಲ್ಡಾ ಒಳಗೆ ಹೋಗಿಬಿಟ್ಟಳು. ಆಮೇಲೆ ಅವಳು ತೋರಿಬಿಯೋ ಹತ್ತಿರ ಅಂದಳಂತೆ, “ನಾವೇನು ಬೇಕು ಅಂತ ಕೇಳಿದ್ವಾ? ತಾನೇ ಪುಕ್ಕಟೆ ಕುಟ್ಟಿಕೊಟ್ಳು.” ಎಂಥಾ ಮಾತು! ಅವಳಿಗೆ ಒಂದು ದಿನದ ಶಿಕ್ಷೆಯೂ ಆಗಲಿಲ್ಲ. ಸೊಪ್ಪಿನವರೆಲ್ಲ ಗೇಟು ಬಿಟ್ಟು ರಸ್ತೆಯಾಚೆ ಹೋಗಬೇಕೆಂದು ಅಪ್ಪಣೆಯಾಯಿತು, ಅಲ್ಲಿಗೆ ಆಸ್ಪತ್ರೆಯ ಕೈ ಶುದ್ಧ.

ನ್ಯಾ ಸೆಫೆರಿನಾ ಮನೆಗೆ ಬಂದಾಗ ನಿಮಿಯಾ ಮೊದಲ ಬಾರಿಗೆ ಹಾಸಿಗೆ ಬಿಟ್ಟೆದ್ದು ಅಂಗಳದಲ್ಲಿ ಕೂತಿದ್ದಳು. ಹಾಲು ಬತ್ತಲೆಂದು ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದಳು. ಅವ್ವ ದಣಿದು ಬರುತ್ತಾಳೆಂದು ಐಸ್ ತಂದು ತೆರೆರೆ ಮಾಡಿಟ್ಟಿದ್ದಳು. ಎದುರಿಗೆ ಇನ್ನೊಂದು ಕುರ್ಚಿ.

“ಕೂತ್ಕೋ ಅವ್ವಾ. ಗೊತ್ತಾಯ್ತಾ?”

ಆಸ್ಪತ್ರೆಯವರು ಒಂದು ಸುಳ್ಳನ್ನು ಚೊಕ್ಕಟವಾಗಿ ಕಾಗದದಲ್ಲಿ ಬರೆದು ಠಸ್ಸೆ ಒತ್ತಿ ಕೊಟ್ಟಿದ್ದರು. ಕರುಳಿನ ಕಾಯಿಲೆ. ಅಷ್ಟು ಹೇಳಿದ್ದರೆ ಸಾಕಿತ್ತು. ಮಗಳು ನಂಬುತ್ತಿದ್ದಳು, ಅವ್ವನ ಮಾತನ್ನು ಅವಳು ಯಾವತ್ತು ನಂಬಿರಲಿಲ್ಲ? ನ್ಯಾ ಸೆಫೆರಿನಾ ಹೇಳಲೆಂದು ಬಾಯಿ ತೆರೆದಳು ಕೂಡ. ಆದರೆ ಅವಳ ಕೈ ಇನ್ನೂ ಪುದೀನ ವಾಸನೆ ಹೊಡೆಯುತ್ತಿತ್ತು.

“ನನ್ ಕೈ,” ಎಂದಳು.

“ಏನು?”

“ನನ್ ಕೈ ಕಣೇ, ನಿಮಿಯಾ. ನಾನು ಕಳಿಸಿದ ಸೊಪ್ಪು. ದಿನಾ ಕಳಿಸ್ತಿದ್ನಲ್ಲ, ಚೆನ್ನಾಗಿ ನೋಡ್ಕೊಳ್ಲಿ ಅಂತ.”

ಡ್ರಮ್ಮು, ಜಗ್ಗು, ಫ್ರಿಜ್ಜು, ಕೊಳವೆ, ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ತನ್ನ ತಪ್ಪಿಲ್ಲವೆಂದು ಆ ಹೆಂಗಸು ಅಂದದ್ದನ್ನು ಮಾತ್ರ ಹೇಳಲಿಲ್ಲ. ನಿಮಿಯಾ ತಲೆ ಬಗ್ಗಿಸಿ ಕೇಳಿದಳು. ಬೈಯಲಿಲ್ಲ, ಎದ್ದು ಹೋಗಲಿಲ್ಲ. ಕೇಳಿ ಮುಗಿದ ಮೇಲೆ ಲೋಟಕ್ಕೆ ನೀರು ಸುರಿದು ಹೀರಿದಳು. ಮಾಡಿದವರೇ ಮೊದಲು ಕುಡಿಯುವುದು ಪದ್ಧತಿ. ಮತ್ತೆ ಸುರಿದಳು. ನ್ಯಾ ಸೆಫೆರಿನಾ ಕೈ ಚಾಚಿದಳು. ನಿಮಿಯಾ ಆ ಕೈಯನ್ನು ನೋಡಿದಳು, ಲೋಟವನ್ನು ತನ್ನ ಬಾಯಿಗೇ ಎತ್ತಿ ನಿಧಾನವಾಗಿ ಕೊನೆಯವರೆಗೂ ಹೀರಿದಳು. ಮತ್ತೆ ಸುರಿದಳು. ಆಗ ಅವಳು ಅಳುತ್ತಿದ್ದಳು. ಈ ಸಲ ರೆಕ್ಕೆಯ ಮಾತನ್ನು ಅವ್ವ ಎತ್ತಲಿಲ್ಲ.

ಇದಾಗಿ ವರ್ಷಗಳಾದವು. ಪಕ್ಕದ ಪೆಟ್ಟಿಗೆಯ ಹುಡುಗ ಬದುಕಿಕೊಂಡ, ಅಷ್ಟರಮಟ್ಟಿಗೆ ದೇವರಿದ್ದಾನೆ. ನ್ಯಾ ಸೆಫೆರಿನಾ ರಸ್ತೆಯಾಚೆ ಒಣಗಿಸಿದ ಸೊಪ್ಪನ್ನು ಪೊಟ್ಟಣ ಕಟ್ಟಿ ಮಾರುತ್ತಾಳೆ, ಗಿರಾಕಿಗಳನ್ನು ಮಾತಾಡಿಸುವುದಿಲ್ಲ. ಅಮ್ಮ ಮಗಳು ಒಂದೇ ಮನೆಯಲ್ಲಿದ್ದಾರೆ. ನಿಮಿಯಾ ಅವಳಿಗೆ ಮರಗೆಣಸು ಬೇಯಿಸಿ ಹಾಕುತ್ತಾಳೆ, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಇಡುತ್ತಾಳೆ, ತಲೆ ಬಾಚುತ್ತಾಳೆ. ಯಾವುದಕ್ಕೂ ಕಡಿಮೆ ಮಾಡಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಓಣಿಯವರೆಲ್ಲ ತೆರೆರೆಗೆ ಕೂಡುತ್ತೇವೆ, ಲೋಟ ತುಂಬಿಸುವವಳು ನಿಮಿಯಾ. ನ್ಯಾ ಸೆಫೆರಿನಾಳ ಕುರ್ಚಿ ಸುತ್ತಿನಲ್ಲೇ ಇರುತ್ತದೆ. ತನ್ನ ಸರದಿ ಬಂದಾಗಲೆಲ್ಲ ಅವಳು ಕೈ ಚಾಚುತ್ತಾಳೆ, ಲೋಟ ಆ ಕೈಯನ್ನು ದಾಟಿ ಪಕ್ಕದವರಿಗೆ ಹೋಗುತ್ತದೆ. ಮುಂದಿನ ಸುತ್ತಿಗೆ ಮತ್ತೆ ಚಾಚುತ್ತಾಳೆ.